ಕಾಣ

ರೊಟ್ಟಿ ಮುರಿಯುತ್ತಿದ್ದ ಬೆರಳು ನಿಂತಿತು, ನನ್ನ ಗಂಡ ಬಲಕ್ಕೆ ನೋಡಿದರು, ಉಚ್ಚಂಗಿ ನಕ್ಕಳು, ನಾನು ಎಡಕ್ಕೆ ಕೂತಿದ್ದೇನೆ ಚಟ್ನಿ ಹಿಡಿದುಕೊಂಡು, ಕಣ್ಣಿಲ್ಲದ ಕಡೆ — ಎರಡು ವರ್ಷವಾಯಿತು ಈ ಸವತಿ ಮನೆಗೆ ಬಂದು, ಬಂದ ದಿನವೇ ಹೋಗಿ ಕೂತದ್ದು ಬಲಕ್ಕೆ, ಯಾರು ಹೇಳಿಕೊಟ್ಟರೋ. ಬಡಗಿ ಗಿಡ್ಡಪ್ಪ ಅಂದರೆ ಹೊನ್ನಾಳಿಗೆಲ್ಲ ಗೊತ್ತು, ಹಲಗೆಯ ಅಂಚು ನೆಟ್ಟಗಿದೆಯಾ ಅಂತ ನೋಡಲು ಬೇರೆಯವರು ಒಂದು ಕಣ್ಣು ಮುಚ್ಚಬೇಕು, ಇವರಿಗೆ ಆ ಕಷ್ಟವೂ ಇಲ್ಲ, ಸಾಸ್ವೆಹಳ್ಳಿಯವರ ಗಾಡಿಯ ಗಾಲಿ ಕೆತ್ತುವಾಗ ಚಕ್ಕೆ ಸಿಡಿದು ಎಡಗಣ್ಣಿಗೆ ಹೊಕ್ಕಿತು, ತಿಂಗಳುಗಟ್ಟಲೆ ನಂದಿಬಟ್ಟಲ ಹೂವಿನ ರಸ ಬಿಟ್ಟವಳು ನಾನು, ಆಗ ಇವಳೆಲ್ಲಿದ್ದಳು, ನ್ಯಾಮತಿಯಲ್ಲಿ ಜಡೆ ಹೆಣೆಸಿಕೊಂಡು ಕೂತಿದ್ದಳು, ಆ ಎರಡೂ ಕಣ್ಣು ಕಂಡದ್ದು ನನ್ನನ್ನೇ, ಇವಳಿಗೆ ಸಿಕ್ಕಿದ್ದು ಒಂದು — ಆದರೂ ಹೊಟ್ಟೆ ಉರಿಯುತ್ತದೆ, ಯಾಕೆ ಸುಳ್ಳು ಹೇಳಲಿ, ಉರಿಯುತ್ತದೆ. ಬೆಳಿಗ್ಗೆ ಜಯದೇವಪ್ಪ ಮೇಷ್ಟ್ರು ಶಾಲೆಯ ಬೆಂಚು ಕೇಳಲು ಬಂದಿದ್ದರು, ಯುದ್ಧ ಶುರುವಾದ ಮೇಲೆ ಮೊಳೆಯೇ ಸಿಗುತ್ತಿಲ್ಲ ಅಂದರೂ ಕೇಳದೆ ಕೂತೇಬಿಟ್ಟರು, ಗಿಡ್ಡಪ್ಪಾ, ಜನ ಒಕ್ಕಣ್ಣ ಅಂತಾರಲ್ಲ, ಸಂಸ್ಕೃತದಾಗೆ ಅದಕ್ಕೆ ಕಾಣ ಅಂತಾರೆ ಗೊತ್ತೈತಾ, ಇವರು ನಕ್ಕರು, ಕಂಡ್ರೂ ಕಾಣ ಅಂತಾರೇನ್ರೀ, ಅದೇ ಮಜಾ ನೋಡು ಅಂದರು ಮೇಷ್ಟ್ರು, ಅವರ ಕಾಣ ಅಂದ್ರೆ ಒಂದೇ ಕಣ್ಣೋನು, ನಮ್ಮ ಕಾಣ ಅಂದ್ರೆ ನೋಡಂಗಿಲ್ಲ ಅವ್ನು, ನಮ್ಮ ಮಾತೇ ಅಲ್ಲಿಗೆ ಹೋಗೈತೆ ಅಂತಾನೂ ಕೆಲವ್ರು ಹೇಳ್ತಾರೆ — ಎಲ್ಲಿಂದ ಎಲ್ಲಿಗಾದರೂ ಹೋಗಲಿ ಮೇಷ್ಟ್ರೇ, ನನ್ನ ಪಾಲಿಗೆ ಎರಡೂ ಒಂದೇ. ಗಂಡನನ್ನು ಏಕವಚನದಲ್ಲಿ ಅನ್ನಬಾರದು, ಹನ್ನೆರಡು ವರ್ಷ ಅಂದವಳಲ್ಲ, ಇವತ್ತು ಒಲೆಯ ಮುಂದೆ ಕೂತು ಮನಸ್ಸಿನಲ್ಲೇ ಅಂದೆ, ಕಾಣ, ಇವನು ನನ್ನನ್ನು ಕಾಣ, ಎಷ್ಟು ಹಿತವಾಯಿತು.

ಉಚ್ಚಂಗಿ ನೀರಿಗೆ ಎದ್ದಳು, ನಾನು ಸರಕ್ಕನೆ ಸರಿದು ಅವಳ ಜಾಗದಲ್ಲಿ ಕೂತೆ, ಕಳ್ಳತನ ಮಾಡಿದ ಹಾಗೆ, ಚೊಂಬು ಹಿಡಿದು ಬಂದವಳು ನೋಡಿದಳು, ಅಕ್ಕಾ, ನೀವೇ ಅಲ್ಲಿ ಕುಂತ್ಕಳ್ರಿ ಬಿಡ್ರಿ, ಎಡಕ್ಕೆ ಹೋಗಿ ಕೂತಳು, ಕೂರಲಿ, ಅಲ್ಲಿನ ಕತ್ತಲೆ ಅವಳಿಗೂ ಗೊತ್ತಾಗಲಿ, ಈಗ ಆ ಒಳ್ಳೆಯ ಕಣ್ಣಿನ ಮುಂದೆ ನಾನಿದ್ದೇನೆ, ಮೂಗುತಿ ಸರಿಮಾಡಿಕೊಂಡೆ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ, ಹ್ಞೂಂ ಅಂದರು, ಅಂದು ಕತ್ತು ತಿರುಗಿಸಿದರು, ಎಡಕ್ಕೆ, ಪೂರ್ತಿ ಎಡಕ್ಕೆ, ಗದ್ದ ಹೆಗಲಿಗೆ ತಾಗುವಷ್ಟು — ಎರಡು ವರ್ಷ ಅಲ್ಲೇ ಕೂತಿದ್ದೆನಲ್ಲ, ಆ ಕತ್ತು ಅಷ್ಟು ತಿರುಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ, ನನ್ನ ಕಡೆಗೆ ಈಗ ಒಂದು ಕಿವಿ, ಕಿವಿಯ ಹಿಂದೆ ಮರದ ಹುಡಿ, ತಿರುಗಿದ ಕತ್ತು, ಆ ಕತ್ತು —