ಬಡಗಿ ಇಟ್ಟ ಅಡ್ಡಹೆಸರುಗಳು

ಬಡಗಿ ತೀರಿಕೊಂಡು ತಿಂಗಳಾಗುವಷ್ಟರಲ್ಲಿ ಬೀದಿಯ ಜನ ಆತನನ್ನು ದೇವರ ಪಕ್ಕದ ಕುರ್ಚಿಯಲ್ಲಿ ಕೂರಿಸಿಯಾಗಿತ್ತು. ತರಕಾರಿಯವಳು ಅಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎನ್ನುತ್ತಿದ್ದಳು. ಎದುರುಮನೆಯವರು ಆತನಿಗೆ ಸಿಟ್ಟು ಎಂದರೇನೆಂದೇ ಗೊತ್ತಿರಲಿಲ್ಲ ಎನ್ನುತ್ತಿದ್ದರು. ಬಡಗಿಯ ಹೆಂಡತಿ ಎಲ್ಲದಕ್ಕೂ ಹೂಂಗುಟ್ಟಿ, ಮನೆಗೆ ಬಂದು ಬಾಗಿಲು ಹಾಕಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲವೇ? ಒಂದು ಮೊಳೆ ಬಗ್ಗಿದರೆ ಆ ಮೊಳೆಯ ವಂಶವನ್ನೆಲ್ಲ ಜಾಲಾಡುತ್ತಿದ್ದ ಪ್ರಾಣಿ ಅದು.

ಹಾಗಂತ ಒಳ್ಳೆಯವನಲ್ಲ ಎಂದೇನಲ್ಲ. ಹೆಂಡತಿ ಕುಳ್ಳಿ ಎಂದು ಮದುವೆಯಾದ ವರ್ಷವೇ ಅಡುಗೆಮನೆಯ ಕಟ್ಟೆಯನ್ನು ಒಂದು ಗೇಣು ತಗ್ಗಿಸಿಕೊಟ್ಟಿದ್ದ. ಆಮೇಲೆ ಅದೇ ತಗ್ಗಿನಲ್ಲಿ ತನ್ನ ಆರಡಿ ದೇಹವನ್ನು ಬಿಲ್ಲಿನಂತೆ ಬಗ್ಗಿಸಿ ಕೊನೆಯ ತನಕ ಪಾತ್ರೆ ತೊಳೆದ. ಸೊಂಟ ಹಿಡಿದುಕೊಂಡರೂ ಕಟ್ಟೆ ಎತ್ತರವಾಗಲಿಲ್ಲ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ದಿನಾ ಸಂಜೆ ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಂತು ತಲೆನೋವಿನ ಮಾತ್ರೆ ಕೇಳುತ್ತಿದ್ದ. ಅವಳು ಗಾಬರಿಯಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರೆ, ತಲೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮಗಳನ್ನು ಬಿಳಿ ಕೋಟಿನಲ್ಲಿ ನೋಡುವ ಆಸೆ, ಅಷ್ಟೇ. ಆತ ಹೋದಮೇಲೆ ಉಳಿಪೆಟ್ಟಿಗೆಯ ತಳದಲ್ಲಿ ಒಂದೂ ಒಡೆಯದ ಮಾತ್ರೆ ಪಟ್ಟಿಗಳ ರಾಶಿಯೇ ಸಿಕ್ಕಿತು. ಮಗಳು ಅವನ್ನು ಮಡಿಲಲ್ಲಿ ಸುರಿದುಕೊಂಡು ತುಂಬ ಹೊತ್ತು ಕೂತಿದ್ದಳು.

ಬೀದಿಗೆ ಆತ ಮಾಡುತ್ತಿದ್ದ ಉಪಕಾರದ ಕತೆ ಬೇರೆ. ಹನ್ನೊಂದು ವರ್ಷದ ಹಿಂದೆ, ಒಂಟಿಯಾಗಿದ್ದ ನಿವೃತ್ತ ಅಂಚೆಯವನೊಬ್ಬ ಬಚ್ಚಲಲ್ಲಿ ಜಾರಿಬಿದ್ದು ಎರಡು ದಿನ ಯಾರಿಗೂ ತಿಳಿಯದೆ ಮಲಗಿದ್ದ. ಬಾಗಿಲು ಒಡೆಯಲು ಬಡಗಿಯನ್ನು ಕರೆಸಿದರು. ಅಂಚೆಯವನೇನೋ ಬದುಕಿಕೊಂಡ; ಅಷ್ಟು ಒಳ್ಳೆಯ ತೇಗದ ಬಾಗಿಲು ಒಡೆಯಬೇಕಾಯಿತಲ್ಲ ಎಂಬ ಸಂಕಟ ಬಡಗಿಗೆ ತಡೆಯಲಾಗಲಿಲ್ಲ. ಮರುದಿನವೇ ಮೂರು ಬೀದಿ ಸುತ್ತಿ, ಒಂಟಿಯಾಗಿದ್ದ ಇಪ್ಪತ್ತಾರು ವಯಸ್ಸಾದವರ ಹತ್ತಿರ ಅವರವರ ಮನೆಯ ಇನ್ನೊಂದು ಬೀಗದ ಕೈ ಇಸಿದುಕೊಂಡ. ಅಂದಿನಿಂದ ದಿನಾ ಬೆಳಿಗ್ಗೆ ಆರೂವರೆಗೆ ಹೊರಟು ಒಂದೊಂದೇ ಬಾಗಿಲು ತಟ್ಟುತ್ತಿದ್ದ. ಒಳಗಿಂದ ಕೆಮ್ಮೋ ಬೈಗುಳವೋ ಕೇಳಿದರೆ ಮುಂದಿನ ಮನೆ. ಏನೂ ಕೇಳದಿದ್ದರೆ ಬೀಗದ ಕೈ. ಹೀಗೆ ಐದು ಜೀವ ಉಳಿಸಿದ್ದ.

ಈಗ ಬೀದಿಯ ಸಂಘದವರು ಭಾನುವಾರ ಆತನ ನೆನಪಿಗೆ ಒಂದು ಸಭೆ ಇಟ್ಟುಕೊಂಡಿದ್ದರು. ಸಂಘದ ಕಾರ್ಯದರ್ಶಿಯಾದ ನಿವೃತ್ತ ಹೆಡ್‌ಮೇಷ್ಟ್ರು ಖುದ್ದಾಗಿ ಬಂದು, ಆ ಬೀಗದ ಕೈಗಳನ್ನೂ ಅಲ್ಲೇ ಅವರವರಿಗೆ ಹಿಂತಿರುಗಿಸಿಬಿಟ್ಟರೆ ಚೆನ್ನಾಗಿರುತ್ತದೆ ಎಂದು ಹೇಳಿ ಹೋದರು.

ತಾಯಿ ಮಗಳು ಬೀಗದ ಕೈಗಳಿದ್ದ ಬಿಸ್ಕತ್ತಿನ ಡಬ್ಬಿ ಕೆಳಗಿಳಿಸಿ ಮುಚ್ಚಳ ತೆಗೆದರು. ಪ್ರತಿ ಬೀಗದ ಕೈಗೂ ಹೆಬ್ಬೆರಳಗಲದ ಒಂದು ಮರದ ಬಿಲ್ಲೆ ಕಟ್ಟಿತ್ತು, ಕಾದ ಮೊಳೆಯಿಂದ ಅದರ ಮೇಲೆ ಅಕ್ಷರ ಸುಟ್ಟಿತ್ತು. ಮಗಳು ಒಂದೊಂದನ್ನೇ ಓದುತ್ತಾ ಹೋದಳು: ಕಾಗೆ ಹಾರಿಸುವವ. ತಗಡು ಗಂಟಲು. ಗೊರಕೆ ಕಾರ್ಖಾನೆ. ಒಂದೇ ನಿಮಿಷ ಬಂದೆ. ಮೂಗಿನ ತುದಿಯಲ್ಲಿ ಕೋಪ.

"ಅಮ್ಮಾ, ಇದನ್ನ ಯಾರಾದ್ರೂ ನೋಡಿದ್ರೆ ನಾವು ಗಂಟುಮೂಟೆ ಕಟ್ಟಬೇಕಾಗುತ್ತೆ" ಎಂದಳು.

ಡಬ್ಬಿ ಕಳ್ಳನ ಕೈಗೆ ಸಿಕ್ಕರೆ ಯಾವುದು ಯಾರದೆಂದು ತಿಳಿಯಬಾರದು, ಅದಕ್ಕೇ ಹೆಸರು ಬರೆದಿಲ್ಲ ಎಂದು ಬಡಗಿ ಹೆಂಡತಿಗೆ ಹೇಳಿದ್ದ. ಬರೆದದ್ದೇನೆಂದು ಮಾತ್ರ ಹೇಳಿರಲಿಲ್ಲ. ಆದರೆ ದಿನಾ ಬೆಳಗಿನ ಚಹಾದ ಜೊತೆ ಇಪ್ಪತ್ತಾರು ಮನೆಯ ಸುದ್ದಿಯನ್ನೂ ಆಕೆಗೆ ಬಡಿಸುತ್ತಿದ್ದನಾದ್ದರಿಂದ ಯಾವುದು ಯಾರು ಎಂದು ಆಕೆಗೆ ಬಹಳಮಟ್ಟಿಗೆ ಹೊಳೆಯಿತು. ಅಷ್ಟರಲ್ಲಿ ಮಗಳು ಇನ್ನೊಂದನ್ನು ಎತ್ತಿ ಕಿಸಕ್ಕನೆ ನಕ್ಕಳು. ಅದು ಅವರದೇ ಮನೆಯ ಕೈ. ಬಿಲ್ಲೆಯ ಮೇಲೆ 'ಹೈಕೋರ್ಟು' ಎಂದಿತ್ತು.

"ಆ ಕೋರ್ಟಲ್ಲಿ ದಿನಾ ಸುಳ್ಳು ಸಾಕ್ಷಿ ಹೇಳ್ತಿದ್ದವರು ಯಾರಂತೆ?" ಎಂದು ಕೇಳಿ, ಆಕೆ ಎದ್ದುಹೋಗಿ ಗಂಡನ ಫೋಟೋವನ್ನು ಗೋಡೆಯ ಕಡೆ ತಿರುಗಿಸಿದಳು. ಸಂಜೆಯವರೆಗೆ ಅದು ಹಾಗೇ ಇತ್ತು.

ಬಿಲ್ಲೆಗಳನ್ನು ಕತ್ತರಿಸಿ ಎಸೆಯೋಣ ಎಂದು ಮಗಳು ಕತ್ತರಿ ತಂದಳು. ನಿಮ್ಮಪ್ಪ ಕೂತು ಬರೆದದ್ದಕ್ಕೆ ಕತ್ತರಿ ಹಾಕಬೇಡ ಎಂದು ತಾಯಿ ಕಿತ್ತುಕೊಂಡಳು. ಹಾಗಾದರೆ ಇರುವುದು ಒಂದೇ ದಾರಿ ಎಂದಳು ಮಗಳು: ಶನಿವಾರ ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಬೀಗಕ್ಕೆ ಹಾಕಿ ನೋಡಿ ಯಾವುದು ಯಾರದೆಂದು ಖಚಿತಮಾಡಿಕೊಳ್ಳುವುದು, ಬೇರೆ ಚೀಟಿ ಕಟ್ಟುವುದು, ಬಿಲ್ಲೆ ಮನೆಯಲ್ಲೇ ಇಟ್ಟುಕೊಳ್ಳುವುದು.

ಮೊದಲನೆಯ ಮನೆಯಲ್ಲೇ ಕೆಟ್ಟಿತು. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಮೂರನೆಯ ಕೈ ತೂರಿಸುವಾಗ ಬಾಗಿಲು ತಾನಾಗಿಯೇ ತೆರೆದುಕೊಂಡು, ಒಳಗಿನಿಂದ ನಿವೃತ್ತ ಬಸ್ ಕಂಡಕ್ಟರಮ್ಮ ಪೊರಕೆ ಎತ್ತಿಕೊಂಡು ಕಳ್ಳರು ಎಂದು ಕೂಗಿದಳು. ಆಕೆಯ ಗಂಟಲಿಗೆ ಮೂರು ಬೀದಿಯೂ ಎದ್ದು ಕೂತಿತು. ಬಡಗಿಯ ಹೆಂಡತಿ, ಏನಿಲ್ಲ, ಅವರ ಹಾಗೇ ನಿಮ್ಮನ್ನು ಒಮ್ಮೆ ವಿಚಾರಿಸಿಕೊಂಡು ಹೋಗೋಣ ಎಂದು ಬಂದೆವು ಎಂದುಬಿಟ್ಟಳು. ಕಂಡಕ್ಟರಮ್ಮನ ಕಣ್ಣಲ್ಲಿ ಬಳಬಳ ನೀರು. ಇಬ್ಬರನ್ನೂ ಒಳಗೆ ಕೂರಿಸಿಕೊಂಡು ಎರಡು ಗಂಟೆ ಬಿಡಲಿಲ್ಲ. ಉಳಿದ ಬೀಗಗಳು ಹಾಗೇ ಉಳಿದವು.

ಭಾನುವಾರ ಸಂಘದ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ಎದುರಿಗಿದ್ದ ದೊಡ್ಡ ಫೋಟೋದಲ್ಲಿ ಬಡಗಿಯ ತಲೆ ಒಪ್ಪವಾಗಿ ಬಾಚಿತ್ತು; ಸ್ಟುಡಿಯೋದವನು ಕಿವಿಯ ಮೇಲಿನ ಪೆನ್ಸಿಲನ್ನೂ ಅಳಿಸಿಬಿಟ್ಟಿದ್ದ. ಹೆಡ್‌ಮೇಷ್ಟ್ರು ಎದ್ದು ನಿಂತು ಎರಡೇ ಮಾತು ಎಂದು ಶುರುಮಾಡಿ ನಲವತ್ತು ನಿಮಿಷ ಮಾತಾಡಿದರು. ಯಾರನ್ನೂ ಆಡಿಕೊಳ್ಳದ ನಾಲಗೆ, ಬೆಣ್ಣೆಯಂಥ ಮನಸ್ಸು, ಮಿತಭಾಷಿ. ಕೇಳುತ್ತ ಕೇಳುತ್ತ ಬಡಗಿಯ ಹೆಂಡತಿಗೆ ನಗು ಬರುವುದು ನಿಂತುಹೋಯಿತು. ಯಾರೋ ಗುರುತಿಲ್ಲದ ಗಂಡಸಿನ ಹೆಂಡತಿಯಾಗಿ ಬಂದು ಕೂತಂತಾಯಿತು. ಆತ ನಿಜವಾಗಿ ಹೊರಟುಹೋದ ಅನ್ನಿಸಿದ್ದು ಆ ಕುರ್ಚಿಯಲ್ಲೇ, ತಿಂಗಳಲ್ಲಿ ಮೊದಲ ಸಲ.

ಆಕೆ ಡಬ್ಬಿ ಎತ್ತಿಕೊಂಡು ಎದ್ದಳು. ಮಗಳು ಕೈ ಹಿಡಿದು ಎಳೆದರೂ ನಿಲ್ಲಲಿಲ್ಲ. ನೇರವಾಗಿ ಮೇಷ್ಟ್ರ ಮುಂದೆ ಹೋಗಿ ಒಂದು ಬಿಲ್ಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಓದಿದಳು: "ಮುಗಿಯದ ಭಾಷಣ."

ಮೇಷ್ಟ್ರು ಕನ್ನಡಕ ಏರಿಸಿ ಬಿಲ್ಲೆಯನ್ನು ನೋಡಿದರು. "ಇದು ನನಗಾ?"

"ನಿಮಗೇ ಮೇಷ್ಟ್ರೇ. ನಿಮ್ಮ ಬಾಗಿಲು ತಟ್ಟಿದ್ರೆ ಮುಂದಿನ ಮನೆಗೆ ಒಂದು ಗಂಟೆ ತಡ ಆಗ್ತಿತ್ತು. ಅದಕ್ಕೇ ನಿಮ್ಮ ಮನೆ ಕೊನೇಗೆ ಇಟ್ಕೊಂಡಿದ್ರು."

"ಕೊನೇಗೆ ಬರ್ತಿದ್ದಿದ್ದು ನನ್ನ ಹತ್ರ ಆರಾಮಾಗಿ ಕೂರೋಕೆ ಅಂದ್ಕೊಂಡಿದ್ದೆನಲ್ಲಮ್ಮ ನಾನು."

"ಅದೂ ನಿಜವೇ" ಎಂದಳು ಆಕೆ. ಸುಳ್ಳಾಗಿರಲಿಲ್ಲ. ದಿನಾ ಗೊಣಗಿಕೊಂಡು ಹೋಗಿ, ಮೇಷ್ಟ್ರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸುತ್ತಿದ್ದ.

ಮೇಷ್ಟ್ರು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡು, ಇನ್ನೊಂದು ಮಾತೂ ಆಡದೆ ಕೂತರು. ಹಿಂದಿನ ಸಾಲಿನಲ್ಲಿ ಅಂಚೆಯವನು ಮೊದಲು ನಕ್ಕ. ಆಮೇಲೆ ಕಟ್ಟೆ ಒಡೆಯಿತು. ಕಾಗೆ ಹಾರಿಸುವವ ಎಂದಾಗ ಮೂವರು ಗಂಡಸರು ಏಕಕಾಲಕ್ಕೆ ಎದ್ದರು. ತಗಡು ಗಂಟಲು ಎಂದಾಗ ಕಂಡಕ್ಟರಮ್ಮ ಬಾಗಿಲ ಹತ್ತಿರದಿಂದ "ಏನಂತೆ?" ಎಂದಳು; ಕಿಟಕಿಯ ಗಾಜು ಅದುರಿತು, ಬೇರೆ ಯಾರನ್ನೂ ಕೇಳಬೇಕಾಗಲಿಲ್ಲ. ಹೊಟ್ಟೆ ಹುಣ್ಣಾಗುವಂತೆ ನಗುತ್ತ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಬೈಗುಳವನ್ನು ಪದಕದಂತೆ ಇಸಿದುಕೊಂಡು ಹೋದರು.

ಕೊನೆಗೆ ಒಂದು ಉಳಿಯಿತು. ಕೈ ಒಡ್ಡಿಕೊಂಡು ಒಬ್ಬಳೇ ಬಂದಳು, ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತಳಾದ ಸಣ್ಣಕ್ಕಿದ್ದ ಹೆಂಗಸು. ಬಿಲ್ಲೆಯ ಎರಡೂ ಮಗ್ಗುಲು ನೋಡಿದಳು. ಖಾಲಿ. ಆಕೆಯ ಮುಖ ಚಿಕ್ಕದಾಯಿತು.

"ಹನ್ನೊಂದು ವರ್ಷ ದಿನಾ ತಟ್ಟಿದ್ರು" ಎಂದಳು. "ಬೈಯೋ ಅಷ್ಟೂ ನಾನು ಲೆಕ್ಕಕ್ಕೆ ಬರ್ಲಿಲ್ವಾ?"

ನಗು ನಿಂತಿತು. ಬಡಗಿಯ ಹೆಂಡತಿಗೆ ಉತ್ತರ ಗೊತ್ತಿತ್ತು. "ನೀವು ಒಂದು ದಿನಾನೂ ಬಾಗಿಲು ತೆಗೀಲಿಲ್ಲ. ಒಳಗಿಂದಾನೇ 'ಚೆನ್ನಾಗಿದ್ದೀನಿ' ಅಂತಿದ್ರಿ. ಮುಖ ಸರಿಯಾಗಿ ನೋಡದೆ ಹೇಗೆ ಬೈಯೋದು ಅಂತ ಕಾಯ್ತಿದ್ರು."

ಟೈಪಿಸ್ಟ್ ಬೀಗದ ಕೈಯನ್ನು ಮತ್ತೆ ಡಬ್ಬಿಯೊಳಗೆ ಇಟ್ಟಳು. "ಹಾಗಾದ್ರೆ ಇದು ನಿಮ್ಮ ಹತ್ರಾನೇ ಇರ್ಲಿ. ನಾಳೆ ನೀವು ಬನ್ನಿ. ತೆಗೀತೀನಿ."

ಅದನ್ನು ನೋಡಿ ಅಂಚೆಯವನೂ ಎದ್ದುಬಂದು ತನ್ನದನ್ನು ಹಾಕಿದ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಭಾರ ಇಳಿಸಿಕೊಳ್ಳಲು ಬಂದವಳ ಡಬ್ಬಿ ಮತ್ತೆ ಭರ್ತಿಯಾಯಿತು. ನನ್ನ ಮಂಡಿಗೆ ಮೂರು ಬೀದಿ ಆಗುವುದಿಲ್ಲ ಎಂದು ಆಕೆ ಖಡಾಖಂಡಿತವಾಗಿ ಹೇಳಿದಳು. ಒಂದು ಬೀದಿ ತನಗಿರಲಿ, ಕೆಲಸಕ್ಕೆ ಹೋಗುವ ದಾರಿಯೇ ಅದು ಎಂದಳು ಮಗಳು. ಇನ್ನೊಂದನ್ನು ಮೇಷ್ಟ್ರು ಕೇಳಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪ್ರತಿ ಮನೆಯಲ್ಲೂ ಐದೇ ನಿಮಿಷ ಎಂಬ ಷರತ್ತಿನ ಮೇಲೆ ಒಪ್ಪಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಬಡಗಿಯ ಹೆಂಡತಿ ಎರಡನೆಯ ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲು ತಟ್ಟಿದಳು. ಬಾಗಿಲು ಪೂರ್ತಿ ತೆರೆಯಿತು. ಒಳಗೆ ಒಂದು ಮೇಜು, ಹಳೆಯ ಟೈಪ್‌ರೈಟರು, ಕಾಗದದ ಒಟ್ಟಲು. ಅವೆಲ್ಲ ಪತ್ರಿಕೆಯ ಸಂಪಾದಕರಿಗೆ ಬರೆದ ದೂರುಗಳಂತೆ. ಒಂದನ್ನೂ ಕಳಿಸಿಲ್ಲವಂತೆ, ಬರೆದರೆ ಸಾಕು ಮನಸ್ಸು ಹಗುರವಾಗುತ್ತದಂತೆ. ಟೈಪಿಸ್ಟ್ ಚಹಾ ಇಟ್ಟು, ಸ್ವಲ್ಪ ಹಿಂದೆಮುಂದೆ ನೋಡಿ, ಒಂದು ಹಾಳೆ ಮುಂದೆ ತಳ್ಳಿದಳು. ಹನ್ನೊಂದು ವರ್ಷದ ಹಿಂದಿನದು.

'ಮಾನ್ಯರೇ, ನಮ್ಮ ಬೀದಿಯಲ್ಲಿ ಮರಕುಟಿಗವೊಂದು ಸೇರಿಕೊಂಡಿದ್ದು, ದಿನಾ ಬೆಳಿಗ್ಗೆ ಏಳಕ್ಕೆ ಸಭ್ಯರ ಬಾಗಿಲು ಕುಟ್ಟುತ್ತಿದೆ. ಉದ್ದ ಕಾಲು, ಕಿವಿಯ ಮೇಲೆ ಪೆನ್ಸಿಲು. ಸಂಬಂಧಪಟ್ಟವರು ಗಮನಿಸಬೇಕು.'

ಬಡಗಿಯ ಹೆಂಡತಿ ಮೇಜಿಗೆ ತಲೆಯಿಟ್ಟು ನಕ್ಕಳು. ಮರಕುಟಿಗ! ಇದೊಂದು ಆತನ ಕಿವಿಗೆ ಬಿದ್ದಿದ್ದರೆ ವಾರಗಟ್ಟಲೆ ಹಾರಾಡುತ್ತಿದ್ದ. ಟೈಪಿಸ್ಟ್ ಇನ್ನೊಂದು ಹಾಳೆ ಕೊಟ್ಟಳು. ಅದು ಕಳೆದ ತಿಂಗಳದು.

'ಮಾನ್ಯರೇ, ನಮ್ಮ ಬೀದಿಯ ಮರಕುಟಿಗ ಮೂರು ದಿನದಿಂದ ಬಂದಿಲ್ಲ. ಏಳು ಗಂಟೆಗೆ ಎದ್ದು ಕೂತು ಅಭ್ಯಾಸವಾಗಿರುವವರಿಗೆ ಇದರಿಂದ ತುಂಬಾ ತೊಂದರೆಯಾಗಿದೆ. ತಕ್ಷಣ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.'

ಆಕೆ ಅದನ್ನು ಎರಡು ಸಲ ಓದಿದಳು. ಎರಡನೆಯ ಸಲ ಅಕ್ಷರಗಳು ಕಲಸಿಕೊಂಡವು. ಇದನ್ನು ತಾನು ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಟೈಪಿಸ್ಟ್ ಒಪ್ಪಲಿಲ್ಲ, ಮೂಲ ಪ್ರತಿಯನ್ನು ಯಾರಿಗೂ ಕೊಡುವ ಪದ್ಧತಿ ತನ್ನಲ್ಲಿಲ್ಲ, ಬೇಕಾದರೆ ಕಾರ್ಬನ್ ಪ್ರತಿ ತೆಗೆದುಕೊಂಡು ಹೋಗಿ ಎಂದಳು.