ಹಾಯಿಗೆ ಹಾಕಿದ ಗಂಟು

ಬಲಗಿವಿಯ ಹಿಂದೆ ತಣ್ಣಗಾಯಿತು, ಪಡುವಣ ಗಾಳಿ ಎದ್ದಿತು ಅಂತಲೇ ಅರ್ಥ, ಇನ್ನು ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಸುಕ್ಕು ಬೀಳುತ್ತದೆ, ಡ್ಯಾಮಿನ ಹಿನ್ನೀರು ಈ ಸಲ ಆಚೆ ದಂಡೆ ಕಾಣದಷ್ಟು ತುಂಬಿದೆ, ಹುಟ್ಟು ಎಳೆದೂ ಎಳೆದೂ ರಟ್ಟೆ ಸೋತಿದೆ — ಯವ್ವಾ, ಸೀರಿ ಕೊಡು, ಅನ್ನುತ್ತಾಳೆ ಮಗಳು, ನಂದಿನಿ, ಹರಿಗೋಲಿನ ಅಂಚಿಗೆ ಮಂಡಿಯೂರಿ ಎರಡು ಬಿದಿರು ನಿಲ್ಲಿಸಿದ್ದಾಳೆ, ಕೊಡುತ್ತೇನೆ, ಹಾಯಿ ಅಂದರೆ ನಮಗೆ ಇದೇ, ಎರಡು ಮಡಿಕೆಯ ಹಳೆಯ ಸೀರೆ, ಬುಟ್ಟಿಯಂಥ ಹರಿಗೋಲಿಗೆ ಗಾಳಿಯದೊಂದು ಉಪಕಾರ, ಭೀಮರಾಯನಗುಡಿಯ ಕಾಲೇಜಿನಲ್ಲಿ ಇರಬೇಕಾದ ಹುಡುಗಿ ನನ್ನ ಎದುರು ಮೀನಿನ ಲೋಳೆ ಒರೆಸಿಕೊಳ್ಳುತ್ತಿದ್ದಾಳೆ, ಹಣೆ ಥೇಟ್ ಅಪ್ಪನದೇ, ಆದರೆ ಅಪ್ಪ ಅಂದರೆ ಸಾಕು ಮುಖ ತಿರುಗಿಸುತ್ತಾಳೆ, ನಿನ್ನೆ ಅವನು ಸತ್ತು ವರ್ಷ ತುಂಬಿತು, ಫೋಟೋಕ್ಕೆ ಹೂ ಹಾಕು ಅಂದೆ, ಕುಡದ ಸತ್ತಾಂವಗ ಯಾವ ಹೂವು, ನೀನೇ ಹಾಕು, ಅಂದಳು. ನಾನೇ ಹಾಕಿದೆ.

ಅವನು ಕುಡಿದಿರಲಿಲ್ಲ, ಅಂದು ಮಂಗಳವಾರ, ಒಂದು ತೊಟ್ಟೂ ಮುಟ್ಟಿರಲಿಲ್ಲ, ಕುಡಿಯುವವನೇ ಅಲ್ಲ ಅಂತೇನಲ್ಲ, ಭಾನುವಾರ ಕುಡಿದು ಅಂಗಳದಲ್ಲಿ ಹಾಡುತ್ತಿದ್ದ, ನಾನು ಪೊರಕೆ ತೋರಿಸಿದರೆ ಬೆಕ್ಕಿನ ಹಾಗೆ ಮಿಯಾಂವ್ ಅನ್ನುತ್ತಿದ್ದ, ಅಂಥ ಗಂಡ ನನ್ನ ಬಸಲಿಂಗ — ಅಂದು ಬಲೆಗೆ ಕಾಟ್ಲಾ ಮೀನು ಚೆನ್ನಾಗಿ ಬಿದ್ದಿತ್ತು, ದಂಡೆಯಲ್ಲಿ ಮೀನು ಒಯ್ಯುವ ಶಹಾಪುರದ ಐಸ್ ಗಾಡಿ ಹಾರ್ನ್ ಹೊಡೆಯುತ್ತಿತ್ತು, ಸೀರೆಯ ಚುಂಗಿಗೆ ನಾನು ಜಾರುಗಂಟೇ ಹಾಕಿದ್ದೆ, ಗಾಳಿ ಹುಚ್ಚೆದ್ದರೆ ಒಂದೇ ಎಳೆತಕ್ಕೆ ಬಿಚ್ಚಬೇಕು, ಸೀರೆ ಹಾರಿಹೋದರೂ ಹರಿಗೋಲು ಉಳಿಯಬೇಕು, ಬಲಿಗೆ ಹಾಕೂ ಗಂಟ ಹಾಯಿಗೆ ಹಾಕಬ್ಯಾಡವಾ, ಅದು ಬಿಚ್ಚಂಗಿಲ್ಲ, ಅಂತ ಅತ್ತೆ ಭೀಮಮ್ಮ ನನಗೆ ಮದುವೆಯಾದ ವಾರವೇ ಕಲಿಸಿದ್ದಳು, ಅಂದು ನನ್ನ ಜಾರುಗಂಟು ಎರಡು ಸಲ ಜಾರಿತು, ಎರಡನೇ ಸಲ ಒದ್ದೆ ಸೀರೆ ಅವನ ಮುಖಕ್ಕೆ ರಪ್ಪನೆ ಬಡಿಯಿತು, ಏನ ಕೈ ಅವ ನಿನ್ನವ, ಇಪ್ಪತ್ತ ವರ್ಷ ಆತು, ಒಂದ ಗಂಟ ಹಾಕಾಕ ಬರವಲ್ದು, ಅಂದ, ನಗುತ್ತಲೇ ಅಂದ, ನಕ್ಕಿದ್ದೇ ನನಗೆ ಉರಿಯಿತು, ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದಲ್ಲ, ತಗೋ, ಇದು ಹೆಂಗ ಜಾರ್ತದ ನೋಡೂಣು, ಅಂತ ಬಲೆಯ ಗಂಟು ಹಾಕಿದೆ, ಒಂದರ ಮೇಲೊಂದು, ಮೂರು, ಸಿಟ್ಟಿಗೆ, ಬರೀ ಸಿಟ್ಟಿಗೆ — ಗಾಳಿ ತಿರುಗಿತು, ಸೀರೆ ಉಬ್ಬಿತು, ಹರಿಗೋಲಿನ ಅಂಚು ನೀರಿಗೆ ಬಾಗುತ್ತಿದೆ, ಬಿಚ್ಚು, ಬಿಚ್ಚು ಅನ್ನುತ್ತಾನೆ, ನನ್ನ ಉಗುರು ಕಿತ್ತು ಬಂತು, ಗಂಟು ನೀರು ಕುಡಿದು ಕಲ್ಲಾಗಿದೆ, ಚೂರಿ ಮೀನಿನ ರಾಶಿಯಡಿ ಎಲ್ಲೋ, ಅವನು ಬಗ್ಗಿ ಹಲ್ಲು ಹಾಕಿದ, ಹಲ್ಲಿನಿಂದ ಎಳೆಯುತ್ತ ಕಣ್ಣೆತ್ತಿ ನನ್ನನ್ನು ನೋಡಿದ, ಬೈಯಲಿಲ್ಲ, ಬೈಯಲು ಬಾಯಿ ಖಾಲಿ ಇರಲಿಲ್ಲ. ಹರಿಗೋಲು ಮಗುಚಿತು. ನಾನು ಅದರ ಬೆನ್ನು ಹಿಡಿದು ಉಳಿದೆ, ಅವನ ಕಾಲಿಗೆ ಬಲೆ ಸುತ್ತಿತ್ತು.

ಆಮೇಲೆ ದಂಡೆಯ ಮೇಲೆ ಜನ, ಸುರಪುರದಿಂದ ಬಂದ ಪೊಲೀಸಪ್ಪ, ಗಂಟ ಯಾರು ಹಾಕಿದ್ದವಾ, ಅಂತ ಕೇಳಿದ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದೆ ಬಡಿದುಕೊಂಡಳು, ಕುಡದಿರಬೇಕ್ರಿ ಸಾಹೇಬ್ರ, ಕುಡದ ಕಟ್ಯಾನ್ರಿ ನನ್ನ ಮಗ, ಎಲ್ಲರೂ ನನ್ನ ಕಡೆ ತಿರುಗಿದರು, ನಾನು ತಲೆಯಾಡಿಸಿದೆ, ಹೌದು ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ ಪುಣ್ಯ ನನ್ನದು, ಪಾಪ ಸುಗಲಮ್ಮ, ಕುಡುಕನ್ನ ಕಟಗೊಂಡು ಏನ ಸುಖ ಕಂಡಾಳ, ಅನ್ನುತ್ತಾರೆ ಊರವರು, ಅನ್ನಿಸಿಕೊಳ್ಳುತ್ತೇನೆ, ಒಂದು ವರ್ಷದಿಂದ ಕೂತು ಅನ್ನಿಸಿಕೊಳ್ಳುತ್ತಿದ್ದೇನೆ, ನನಗೆ ನಾಚಿಕೆಯಾಗುತ್ತದೆ, ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತದೆ, ನಿಜ ಗೊತ್ತಾಗಿ ನಂದಿನಿಯೂ ಬಿಟ್ಟುಹೋದರೆ ನನಗೆ ಯಾರಿದ್ದಾರೆ, ಮಿಯಾಂವ್ ಅನ್ನುವವನಂತೂ ಇಲ್ಲ. ಗಾಳಿ ಬಲವಾಗುತ್ತಿದೆ.

ಯವ್ವಾ, ಜಾರುಗಂಟ ನಿಲ್ಲವಲ್ದು, ಅನ್ನುತ್ತಾಳೆ ನಂದಿನಿ, ಬೆನ್ನು ನನ್ನ ಕಡೆಗಿದೆ, ಮೊಣಕೈ ಆಡುತ್ತಿದೆ, ಏನು ಮಾಡುತ್ತಿದ್ದಾಳೆ ಅಂತ ಆ ಮೊಣಕೈ ನೋಡಿದರೇ ಗೊತ್ತಾಗುತ್ತದೆ, ಒಂದು, ಅದರ ಮೇಲೊಂದು — ಬ್ಯಾಡ, ಬಲಿ ಗಂಟ ಹಾಕಬ್ಯಾಡ — ಯಾಕ, ಅಪ್ಪ ಕುಡದ ಕಟ್ಟಿದ್ದ, ಬಿಚ್ಚಾಕ ಆಗಲಿಲ್ಲ, ನಾ ಏನ ಕುಡದೇನೇನು, ಅನ್ನುತ್ತಾಳೆ, ನನ್ನ ಸುಳ್ಳು ನೆಚ್ಚಿಕೊಂಡು ನನ್ನ ಮಗಳು ನಡುನೀರಿನಲ್ಲಿ ಗಂಟು ಬಿಗಿಯುತ್ತಿದ್ದಾಳೆ, ಬಿಚ್ಚು ಅಂತ ಕೂಗುತ್ತೇನೆ, ಸುಮ್ಮನೆ ಹೆದರತಿ ನೀ, ಅನ್ನುತ್ತಾಳೆ, ಅವಳ ಬೆನ್ನಿಗೆ ಹೇಳುತ್ತೇನೆ, ನಿಮ್ಮಪ್ಪ ಅವತ್ತ ಕುಡದಿದ್ದಿಲ್ಲವಾ, ಆ ಗಂಟ ಹಾಕಿದಾಕಿ ನಾನು, ಸಿಟ್ಟೀಲೆ ಹಾಕಿದ್ದೆ. ಮೊಣಕೈ ನಿಂತಿತು. ಗಾಳಿ ತಿರುಗುತ್ತಿದೆ, ಸೀರೆ ಉಬ್ಬುತ್ತಿದೆ, ಅವಳು ಗಂಟನ್ನು ಉಗುರಿನಿಂದ ಕೆದರುತ್ತಾಳೆ, ಬರುತ್ತಿಲ್ಲ, ನಾನು ಚೂರಿಗೆ ತಡಕಾಡುತ್ತೇನೆ, ಈ ಕಡೆ ತಿರುಗಿ ಬಗ್ಗಿದಳು, ಹಲ್ಲು ಹಾಕಿದಳು, ಎಳೆಯುತ್ತ ಕಣ್ಣೆತ್ತಿ ನನ್ನನ್ನು ನೋಡುತ್ತಿದ್ದಾಳೆ, ಬೈಯುತ್ತಿಲ್ಲ, ನಂದಿನೀ, ಬೈಯವಾ — ಒದ್ದೆ ಗಂಟು, ಹಲ್ಲು, ನನ್ನನ್ನೇ ನೋಡುವ ಕಣ್ಣು, ಹಲ್ಲು