ಕೊನೆಯ ಹಾಡಿನ ದನಿ

ಹೆಡ್‌ಫೋನಿನಿಂದ ಸೊಳ್ಳೆ ಗುಂಯ್ಗುಟ್ಟಿದಂಥ ಸಣ್ಣ ಸದ್ದು ಸೋರುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಹೊದಿಕೆ ಹುಡುಕಿಕೊಂಡು ಅಕ್ಕನ ಕೋಣೆಗೆ ಬಂದ ತಂಗಿ ಬಾಗಿಲಲ್ಲೇ ನಿಂತಳು. ಅಕ್ಕನ ಮೇಜಿನ ಮುಂದೆ ಅವಳ ಗೆಳೆಯ ಕುಳಿತಿದ್ದ. ಹೆಗಲ ಮೇಲೆ ಸದಾ ಕೇಬಲ್ಲು ಸುತ್ತಿಕೊಂಡಿರುತ್ತಿದ್ದ ಅವನನ್ನು ಎಲ್ಲರೂ ತಂತಿ ಎಂದೇ ಕರೆಯುತ್ತಿದ್ದರು. ಅಕ್ಕ ಕಳಿಸಿದ ಹಾಡುಗಳ ಏರಿಳಿತ ಹದಮಾಡಿ, ಆಲ್ಬಮ್ ಹೊರತಂದವನು ಅವನೇ.

"ನಾಳೆ ಚಿತಾಗಾರದಲ್ಲಿ ಹಾಕೋಕೆ ಕೊನೇ ಹಾಡು ತೆಗೆದಿಡ್ತಿದ್ದೀನಿ," ಎಂದ.

"ಬೇರೆ ಯಾವ್ದಾದ್ರೂ ಹಾಕಿ ಅಣ್ಣ. ಮೊದಲನೇದು ಅವಳಿಗೆ ಇಷ್ಟ."

"ಅದು ಕುಣಿಯೋ ಹಾಡು ಕಣಮ್ಮ. ಹೆಣ ಮುಂದಿಟ್ಕೊಂಡು ಯಾರು ಕುಣೀತಾರೆ? ಅಲ್ಲದೆ ಎಲ್ಲರೂ ಹೊಗಳಿದ್ದು ಕೊನೇದನ್ನೇ ತಾನೆ."

ಕಾರಣ ಹೇಳಲು ಅವಳು ಬಾಯಿ ತೆರೆದಳು. ಇದ್ದದ್ದು ಒಂದೇ ಕಾರಣ: ಅದನ್ನು ಹಾಡಿದ್ದು ಅಕ್ಕ ಅಲ್ಲ, ತಾನು. ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮಿದಳು. ತಂಗಿ ಹೊದಿಕೆ ಎತ್ತಿಕೊಂಡು ಹೊರಗೆ ಬಂದಳು.

*

ಅಕ್ಕ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ಉಜ್ಜುವ ಯಂತ್ರದ ಗುಯ್ಗುಡುವಿಕೆಯನ್ನು ಫೋನಿನಲ್ಲಿ ಹಿಡಿದು ತಂದು, ಮನೆಯ ಸಿಂಥಸೈಜರ್ ಕೀಬೋರ್ಡಿನಲ್ಲಿ ಹಿಂಜಿ, ತಗ್ಗಿಸಿ, ಹಾಡಿನ ತಳಕ್ಕೆ ಹಾಸುತ್ತಿದ್ದಳು. ಸಾಲುಗಳೂ ಅವಳವೇ, ರಾಗವೂ ಅವಳದೇ. ತಲೆಯಲ್ಲಿ ಬಿಳಿಕೂದಲು ಇಣುಕುವ ಹೊತ್ತಿಗೆ ಮೊದಲ ಆಲ್ಬಮಿನ ಎಂಟು ಹಾಡು ಮುಗಿದವು. ಇನ್ನೆರಡು ಉಳಿದಿದ್ದಾಗ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಅಮ್ಮ ಇಲ್ಲದ ಹೊತ್ತು ನೋಡಿ ಅವಳೇ ತಂಗಿಯನ್ನು, ಹೊರಗಿನ ಸದ್ದು ತಟ್ಟದಿರಲೆಂದು, ಬಟ್ಟೆಯ ಬೀರುವಿನೊಳಗೆ ಮೈಕಿನ ಮುಂದೆ ನಿಲ್ಲಿಸಿದಳು. 'ನಿಂದೂ ನಂದೇ ಗಂಟಲು. ಹಾಡು' ಎಂದು ಫೋನಿನಲ್ಲಿ ಬರೆದು ತೋರಿಸಿದಳು. ಬೆನ್ನಿನ ಮೇಲೆ ಅಂಗೈಯಿಂದ ತಾಳ ತಟ್ಟಿದಳು. ಆಮೇಲೆ ಆ ದನಿಯನ್ನು ಯಂತ್ರದಲ್ಲಿ ನಯಮಾಡಿ, ಪದರದ ಮೇಲೆ ಪದರ ಕೂರಿಸಿ ತನ್ನದಾಗಿಸಿಕೊಂಡಳು. ಕೊನೆಯ ಹಾಡಿನ ನಡುವೆ ತಂಗಿ ಏದುಸಿರು ಬಿಟ್ಟಿದ್ದಳು. ಅಕ್ಕ ಅದನ್ನು ಅಳಿಸಲು ಹೋಗಿ, ಯಾಕೋ, ಹಾಗೇ ಬಿಟ್ಟಳು. ದನಿ ಹೋಗುವ ಮುಂಚೆಯೇ ಹಾಡಿಟ್ಟದ್ದೆಂದು ಎಲ್ಲರೂ ತಿಳಿದರು.

ಆಲ್ಬಮ್ ಬಂದಾಗ ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಒಂದು ಸಂಗೀತ ಪತ್ರಿಕೆ ಬರೆಯಿತು: 'ಎಂಟು ಹಾಡು ಗಾಜಿನಂತೆ ನಯ, ಗಾಜಿನಂತೆಯೇ ತಣ್ಣಗೆ. ಕೊನೆಯ ಎರಡರಲ್ಲಿ ಮಾತ್ರ ಈ ಗಾಯಕಿಗೆ ಜೀವ ಬರುತ್ತದೆ.' ಉಳಿದವರೂ ಅದೇ ಜಾಡು ಹಿಡಿದರು.

"ನಾನು ಅವರಿಗೆ ಬರೀತೀನಿ ಅಕ್ಕ. ಆ ಎರಡು ನಂದು, ನಮ್ಮಕ್ಕನ ದನಿ ಬೇಕಾದ್ರೆ ಉಳಿದ ಎಂಟು ಸರಿಯಾಗಿ ಕೇಳಿ ಅಂತೀನಿ."

ಅಕ್ಕ ಫೋನು ಕೈಗೆತ್ತಿಕೊಂಡಳು. ಏನೂ ಬರೆಯದೆ ಕೆಳಗಿಟ್ಟು, ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದಳು. ಗಡ್ಡೆ ಮರಳಿ ಬಂದು ಜೀವ ಒಯ್ಯುವವರೆಗೂ ಆ ಬಟ್ಟೆಯನ್ನು ಅವಳು ಮತ್ತೆ ತೆಗೆಯಲಿಲ್ಲ.

*

ವಿದ್ಯುತ್ ಚಿತಾಗಾರದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಅರ್ಧ ತುಂಬಿದ್ದವು. ಕನ್ನಡಕದ ಅಂಗಡಿಯ ಮಾಲೀಕ ಚಿಕ್ಕಮ್ಮನ ಪಕ್ಕ ಕುಳಿತಿದ್ದ.

"ಹಾಡು ಕೇಳಿದ್ರಾ ನೀವು?" ಚಿಕ್ಕಮ್ಮ ಕೇಳಿದಳು.

"ನಿಜ ಹೇಳ್ಲಾ? ಮೊಮ್ಮಗಳು ಹಾಕಿದ್ಲು. ಫ್ರಿಜ್ ಕೆಟ್ಟೋಯ್ತು ಅಂದ್ಕೊಂಡು ಅಡುಗೆಮನೆಗೆ ಹೋಗಿ ನೋಡ್ಬಂದೆ. ಆಮೇಲೆ ಗೊತ್ತಾಯ್ತು, ಅದು ನಮ್ಮಂಗಡಿ ಮೆಷಿನ್ನು." ನಕ್ಕ. ನಗು ಅರ್ಧಕ್ಕೇ ನಿಂತಿತು, ಕಣ್ಣೊರೆಸಿಕೊಂಡ. "ಈಗ ಅದನ್ನ ಆನ್ ಮಾಡೋಕೇ ಕೈ ಬರಲ್ಲ."

ತಂಗಿ ಅಮ್ಮನ ಪಕ್ಕ ನಿಂತಿದ್ದಳು. ಹಾಡು ಮುಗಿದ ಕೂಡಲೇ ಹೇಳಿಬಿಡಬೇಕು. ಕುಲುಮೆಯ ಬಾಗಿಲು ಮುಚ್ಚುವ ಮುಂಚೆ ಒಂದೇ ಒಂದು, ಅಕ್ಕನೇ ಹಾಡಿದ್ದನ್ನು, ಹಾಕಿಸಬೇಕು. ತನ್ನ ದನಿ ಕೇಳಿಸುತ್ತ ಅಕ್ಕನನ್ನು ಒಳಗೆ ಕಳಿಸುವುದೆಂದರೇನು? ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಳು.

ತಂತಿ ಗುಂಡಿ ಒತ್ತಿದ. ಯಂತ್ರ ಗುಯ್ಗುಟ್ಟಿತು. ಅದರ ಮೇಲೆ ತಂಗಿಯ ದನಿ ಎದ್ದಿತು. ಜನ ತಲೆ ತಗ್ಗಿಸಿದರು. ನಡುವೆ ಆ ಏದುಸಿರು ಬಂದಾಗ ಅಮ್ಮ ತಟಕ್ಕನೆ ಅವಳ ಮಣಿಕಟ್ಟು ಹಿಡಿದಳು.

"ಕೇಳ್ದ್ಯಾ? ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು ಹೀಗೇ ಉಸಿರು ಬಿಡ್ತಿದ್ಲು. ಹೆತ್ತವಳಿಗೆ ಗೊತ್ತಾಗಲ್ವಾ, ನನ್ನ ಮಗಳು!"

"ಅಮ್ಮ..."

"ಇದೊಂದಾದ್ರೂ ಉಳಿಸಿ ಹೋದ್ಲಲ್ಲ."

ಚಿಕ್ಕಮ್ಮ ಹತ್ತಿರ ಬಂದು ಪಿಸುಗುಟ್ಟಿದಳು: "ನೀನೂ ಎರಡು ಸಾಲು ಹಾಡೇ, ಅಕ್ಕನಿಗೆ."

"ಅವಳಿಗೆಲ್ಲಿ ಬರುತ್ತೆ," ಎಂದಳು ಅಮ್ಮ. "ದೊಡ್ಡವಳಿಗೇ ಎಲ್ಲಾ ಸುರಿದುಬಿಟ್ಟಿದ್ದ ದೇವರು."

ಹಾಡು ಮುಗಿಯಿತು. ಅಕ್ಕ ಉರುಳುಗಾಲಿಯ ಚಟ್ಟದ ಮೇಲೆ ಒಳಗೆ ಸರಿದಳು. ಉಕ್ಕಿನ ಬಾಗಿಲು ಇಳಿಯುವಾಗ ಅಮ್ಮ ಹಿಡಿದ ಕೈ ಬಿಟ್ಟಿರಲಿಲ್ಲ.

*

ಸಂಜೆ ಬಂದವರೆಲ್ಲ ಹೊರಟ ಮೇಲೆ ತಂತಿ ಹೊಸಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ನಿಂತ.

"ಆ ಪತ್ರಿಕೆಯವರು ಫೋನ್ ಮಾಡಿದ್ರು. ಅವಳ ಬಗ್ಗೆ ಬರೀತಾರಂತೆ. ಕೊನೇ ಹಾಡು ಹೇಗೆ ಹಾಡಿದ್ಲು, ಯಾವಾಗ ಹಾಡಿದ್ಲು ಅಂತ ಕೇಳ್ತಿದ್ದಾರೆ. ಮನೇಲಿದ್ದವಳು ನೀನು. ನಿನಗೇನಾದ್ರೂ ಗೊತ್ತಾ?"

"ಒಂದ್ನಿಮಿಷ ಇರಿ," ಎಂದು ಅವಳು ಒಳಗೆ ಹೋದಳು. ಅಮ್ಮನಿಗೇ ಮೊದಲು ಹೇಳಬೇಕು, ಆಮೇಲೆ ಉಳಿದವರಿಗೆ.

ಅಮ್ಮ ದೀಪ ಹಾಕದೆ ಮಂಚದ ತುದಿಯಲ್ಲಿ ಕುಳಿತಿದ್ದಳು. ಕಣ್ಣು ಮುಚ್ಚಿತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು.

"ಅಮ್ಮ, ಒಂದು ಮಾತು..."

ಅಮ್ಮ ಕಣ್ಣು ತೆರೆಯದೆ ಕೈ ಎತ್ತಿದಳು.

"ಶ್! ಮಾತಾಡಬೇಡ. ಅಕ್ಕ ಹಾಡ್ತಿದ್ದಾಳೆ."

ತಂಗಿ ಹೊರಗೆ ಬಂದಳು.

"ನಾನು ಆವತ್ತು ಮನೇಲಿರಲಿಲ್ಲ ಅಣ್ಣ," ಎಂದಳು. "ಯಾರಿಗೂ ಗೊತ್ತಿಲ್ಲ ಅಂತ ಬರ್ಕೊಳ್ಳಿ ಅನ್ನಿ."

ಅವನು ಮೆಟ್ಟಿಲಿಳಿದು ಹೋದ. ಬೀದಿಯಲ್ಲಿ ಯಾವುದೋ ಲಾರಿ ಹಾರ್ನ್ ಹೊಡೆಯಿತು. ಅವಳು ಓಡಿಹೋಗಿ, ಅಮ್ಮನಿಗೆ ಅಡ್ಡಿಯಾಗದಂತೆ, ಒಂದೊಂದಾಗಿ ಕಿಟಕಿಗಳನ್ನು ಮುಚ್ಚತೊಡಗಿದಳು.